ಗೋದಾಮಿನ ಗೋಡೆ ಬುಡ

ನಮ್ಮ ಓಣಿಯಲ್ಲಿ ನನಗೊಂದು ಹೆಸರಿದೆ, ಚೆನ್ನಾಗಿ ಬರೆಯುವಾಕೆ ಎಂದು. ಹಿಂದೊಮ್ಮೆ ನಲ್ಲಿ ನೀರು ಬಾರದಿದ್ದಾಗ ಪಾಲಿಕೆಗೆ ಅರ್ಜಿ ಬರೆದಿದ್ದೆ. ಮರುದಿನವೇ ನೀರು ಬಂತು. ಪೈಪಿನ ರಿಪೇರಿ ಅದಕ್ಕೂ ಮೊದಲೇ ಶುರುವಾಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಹಾಗಾಗಿ ವಿನೋಬನಗರದ ನಮ್ಮ ಓಣಿಯ ತುದಿಯಲ್ಲಿ, ಹಳೇ ಗೋದಾಮಿನ ಜಾಗಕ್ಕೆ ದೊಡ್ಡ ಸೂಪರ್ ಮಾರ್ಕೆಟ್ ಬರುತ್ತದೆ ಎಂದು ಸುದ್ದಿಯಾದಾಗ ಕಿರಾಣಿ ಅಂಗಡಿಯ ಯಜಮಾನರು ನೇರ ನಮ್ಮ ಮನೆಗೇ ಬಂದರು.

"ಅಕ್ಕಾರೆ, ಅಂಗಡಿ ಬ್ಯಾಡ ಅಂತ ಮನವಿ ನೀವೇ ಬರೀಬೇಕ್ರಿ. ಓದಿದೋರ ಕಣ್ಣಾಗ ನೀರು ಬರಬೇಕು."

ಬರೆದೆ, ನಾಲ್ಕು ಪುಟ. ಕಣ್ಣೀರಿಗೆಂದು ಆರಿಸಿಕೊಂಡದ್ದು ಆ ಗೋದಾಮಿನ ಗೋಡೆ ಬುಡದಲ್ಲಿ ಕೂರುವ ಸೊಪ್ಪಿನಾಕೆಯನ್ನು. ದಿನಾ ಹರಿಹರದಿಂದ ಮೊದಲ ಬಸ್ಸಿಗೆ ಬುಟ್ಟಿ ತರುತ್ತಾಳೆ. "ಈ ಅಬಲೆ ಎಲ್ಲಿಗೆ ಹೋಗಬೇಕು?" ಎಂಬಲ್ಲಿ ದನಿ ನಡುಗಬೇಕೆಂದು ಕುಕ್ಕರಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೂರು ಸೀಟಿಯ ಬೇಳೆ ಏಳು ಕೂಗಿ ಗಂಜಿಯಾಯಿತು. ಅವಳನ್ನೇ ಒಂದು ಮಾತು ಕೇಳೋಣ ಎಂದು ಮಾತ್ರ ಹೊಳೆಯಲಿಲ್ಲ.

ಭಾನುವಾರ ಸಮುದಾಯ ಭವನದಲ್ಲಿ ಸಭೆ. ಯಜಮಾನರು ಸೊಪ್ಪಿನಾಕೆಯನ್ನು ಕರೆತಂದು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ನಾನು ಓದತೊಡಗಿದೆ.

"ನಾಲ್ಕು ಕಟ್ಟು ಕೊಂಡರೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕುವ ಈ ಪ್ರೀತಿ ಕಂಪ್ಯೂಟರ್ ಬಿಲ್ಲಿನಲ್ಲಿ ಸಿಕ್ಕೀತೆ?"

"ನಾ ಎಲ್ಲಿ ಹಾಕ್ತೀನ್ರೀ?" ಸೊಪ್ಪಿನಾಕೆ ಕೂತಲ್ಲಿಂದಲೇ ಕೇಳಿದಳು. "ನೀವೇ ಎತ್ಕಂತೀರಿ!"

ಭವನ ಗೊಳ್ಳೆಂದಿತು. ಅವಳು ಅಷ್ಟಕ್ಕೇ ಬಿಡಲಿಲ್ಲ.

"ಅಲ್ರೀ ಅಕ್ಕಾರೆ, ಹಬ್ಬದ ಹಿಂದಿನ ದಿನ ದೊಡ್ಡ ರೋಡಿನ ಮಾಲಿನ ಚೀಲ ಹಿಡ್ಕಂಡು ನನ್ನ ಮುಂದೇ ಹೋದ್ರಲ್ಲ. ಚೀಲದಾಗಿಂದ ಪಾಲಕ್ ಇಣುಕಿ ನನ್ನೇ ನೋಡಾಕತ್ತಿತ್ತು. ಅದ್ಯಾವ ಪ್ರೀತಿ?"

ಅದು ಆಫರಿನದು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಯಜಮಾನರು ನನ್ನತ್ತ ತಿರುಗಿದರು. ಬೇಳೆ, ಎಣ್ಣೆ ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಪುಣ್ಯಕ್ಕೆ ಕೇಳಿದ್ದು ಅವಳನ್ನು.

"ಹಂಗಾರೆ ನಿಂಗೇನು ಬೇಕವ್ವಾ? ಅಂಗಡಿ ಬರ್ಲಾ, ಬ್ಯಾಡಾ?"

"ಬಂದ್ರ ಬರ್ಲಿ ಬಿಡ್ರಿ. ಜನ ಬರ್ತಾರ, ಸೊಪ್ಪು ಹೋಗ್ತೈತೆ. ಆದ್ರ ಗೋಡೆ ಬುಡದಿಂದ ನನ್ನ ಎಬ್ಬಸ್ಬಾರ್ದು. ಆ ಜಾಗ ಹೋದ್ರ ನಾ ಹರಿಹರದಿಂದ ಯಾಕ ಬರ್ಲಿ?"

"ಹಂಗಾರೆ ನಿನ್ನ ಅರ್ಜಿ ನೀನೇ ಬರಸ್ಕ" ಎಂದು ಯಜಮಾನರು ಮುಖ ತಿರುಗಿಸಿದರು. ಅವಳ ವಿಷಯವಿದ್ದ ಪುಟವನ್ನು ಕಿತ್ತು ನನ್ನ ಕೈಗಿಟ್ಟು, ಉಳಿದ ಮೂರಕ್ಕೆ ಸಹಿ ಹಾಕಿಸಲು ಹೊರಟರು.

ಸಭೆ ಮುಗಿದ ಮೇಲೆ, ಭವನದ ಮೆಟ್ಟಿಲ ಮೇಲೆ ಕೂತಿದ್ದ ಅವಳ ಪಕ್ಕ ಹೋಗಿ ಕೂತೆ. "ಬರೆದುಕೊಡಲಾ?" ಎಂದೆ.

ಮೇಲಿಂದ ಕೆಳಗೆ ನೋಡಿದಳು. "ನಾ ಹೇಳಿದಷ್ಟೇ ಬರೀತೀರಾ?"

ಹೂಂ ಎಂದೆ. ಆದರೂ ಹುಟ್ಟುಗುಣ ಬಿಡಬೇಕಲ್ಲ, "ಬಡ ಮಹಿಳೆಯಾದ ನಾನು" ಎಂದು ಶುರುಮಾಡಿ ಗಟ್ಟಿಯಾಗಿ ಓದಿದೆ.

"ಬಡ ಅಂಬೋದನ್ನ ಹೊಡೀರಿ. ಹದಿನೆಂಟು ವರ್ಷದಿಂದ ಅಲ್ಲೇ ಕುಂತೀನಿ ಅಂತ ಬರೀರಿ."

ಹೊಡೆದು ಬರೆದೆ. ಗೋಡೆ ಬುಡದ ಜಾಗ ನನಗೇ ಬಿಡಬೇಕು ಎಂಬುದೂ ಸೇರಿ ಮೂರೇ ಸಾಲಿಗೆ ಅರ್ಜಿ ಮುಗಿಯಿತು. ನಾಲ್ಕನೆಯ ಸಾಲಿಗೆ ನಾನು ಪೆನ್ನು ಊರುವಷ್ಟರಲ್ಲಿ ಅವಳು ಕಾಗದ ಎಳೆದುಕೊಂಡು, ಆ ಸಾಲಿನ ಜಾಗದಲ್ಲೇ ದಪ್ಪಗೆ ಸಹಿ ಮಾಡಿಬಿಟ್ಟಳು.