ನಿಲ್ಲಿಸಿ ಎಣಿಸಿದ ನಾಡಿ

ಬೆಳಗ್ಗೆ ಏಳೂವರೆಗೆ ಮಳವಳ್ಳಿಯಲ್ಲಿ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ನಾದಿನಿ ಸವಿತಾ. ಆಧಾರ್ ತೋರಿಸಿದ್ದಕ್ಕೆ ಟಿಕೆಟ್ಟಿಗೆ ದುಡ್ಡಿಲ್ಲ, ಸೀಟೂ ಇಲ್ಲ. ಹೆಚ್ಚು ಹೊತ್ತು ನಿಂತರೆ ಸವಿತಾಳಿಗೆ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲಿಡುತ್ತದೆ. ಮುಂದಿದ್ದ ಹೆಂಗಸನ್ನು ಚೂರು ಜಾಗ ಕೇಳಿದೆ.

"ವಯಸ್ಸುಡುಗೀಗೆ ಏನು ಬಂದದೆ? ನಿಂತ್ಕೊಳ್ಲಿ ಬುಡು" ಅಂದಳು.

ಸವಿತಾ ಎಲ್ಲರ ಕಾಲಸಂದಿಯಲ್ಲಿ ಬ್ಯಾಗಿನ ಮೇಲೆ ಕೂತಳು. ಭಾರತೀನಗರದಲ್ಲಿ ಕಾಲೇಜಿನವರು ಇಳಿದ ಮೇಲೆ ಸೀಟು ಸಿಕ್ಕಿತು. ಮದ್ದೂರಿನಲ್ಲಿ ಇಡ್ಲಿ ತಿಂದು, ಡಾಕ್ಟರ್ ಹೇಳಿದ್ದ ಹಾಗೆ ಉಪ್ಪು ಹೆಚ್ಚಿಗೆ ಹಾಕಿಸಿದ ಮಜ್ಜಿಗೆ ಕುಡಿದು, ಮಂಡ್ಯದ ಬಸ್ಸು ಹಿಡಿದೆವು.

ನಾಲ್ಕು ವರ್ಷದಲ್ಲಿ ಐದು ಕಡೆ ತೋರಿಸಿದ್ದೆವು. ಒಬ್ಬರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು, ಮದುವೆ ಮಾಡಿ, ಸರಿಹೋಗುತ್ತೆ ಅಂದರು! ಎಲ್ಲರೂ ಮಲಗಿಸಿಯೇ ನಾಡಿ ನೋಡಿದವರು. ಎಬ್ಬಿಸಿ, ನಿಲ್ಲಿಸಿ ನೋಡಿದವರು ನಾವೀಗ ಹೊರಟಿದ್ದ ಮಂಡ್ಯದ ಲೇಡಿ ಡಾಕ್ಟರ್ ಒಬ್ಬರೇ. ಮಲಗಿದ್ದಾಗ ಎಪ್ಪತ್ತೆಂಟಿದ್ದದ್ದು ನಿಂತ ಹತ್ತು ನಿಮಿಷದೊಳಗೆ ನೂರ ಮೂವತ್ತಕ್ಕೆ ಏರಿತ್ತು; ನಿಂತರೆ ಹೃದಯ ಹೀಗೆ ಓಡುವುದೇ ಕಾಯಿಲೆ ಅಂದಿದ್ದರು. ಅದು ಎರಡು ತಿಂಗಳ ಹಿಂದಿನ ಮಾತು. ಆವತ್ತು ಒಂದು ಪುಟ್ಟ ಯಂತ್ರ ಕೊಟ್ಟು, ದಿನಾ ಒಂದು ಗಂಟೆ ಅದರ ಕ್ಲಿಪ್ಪನ್ನು ಕಿವಿಗೆ ಹಾಕಿಕೊಳ್ಳಲು ಹೇಳಿದ್ದರು. ಹೃದಯದ ಓಟಕ್ಕೆ ಲಗಾಮು ಹಾಕುವ ನರವನ್ನು ಸಣ್ಣ ಕರೆಂಟು ತಟ್ಟುತ್ತದಂತೆ. "ಎಲ್ಲರಿಗೂ ಕೆಲಸ ಮಾಡುತ್ತೆ ಅನ್ನೋಕಾಗಲ್ಲ, ಇನ್ನೂ ಪರೀಕ್ಷೆ ನಡೀತಿದೆ" ಎಂದು ಮುಚ್ಚಿಡದೆ ತಿಳಿಸಿದ್ದರು.

ಈ ಸಲ ನಿಲ್ಲಿಸಿ ಎಣಿಸಿದರೆ ನೂರ ಹನ್ನೆರಡು. ಇನ್ನೂ ಹೆಚ್ಚೇ. ಆದರೂ ಸವಿತಾ ಗೋಡೆ ಹಿಡಿಯದೆ ನಿಂತಿದ್ದಳು. ಕಿವಿಯ ಯಂತ್ರದ ವಿಷಯವನ್ನೂ ಸೇರಿಸಿ, ಕೂತು ಕೆಲಸ ಮಾಡಲು ಸ್ಟೂಲು ಕೊಡಬೇಕೆಂದು ಡಾಕ್ಟರ್ ಅವಳ ಕಾರ್ಖಾನೆಗೆ ಪತ್ರ ಬರೆದರು.

ವಾಪಸು ಬರುವಾಗ ಗೆಜ್ಜಲಗೆರೆಯಲ್ಲಿ ಇಳಿದು, ಅವಳು ದಿನವಿಡೀ ನಿಂತು ಬಟ್ಟೆ ಚೆಕ್ ಮಾಡುವ ಕಾರ್ಖಾನೆಗೆ ಹೋದೆವು. ಸುಡುಬಿಸಿಲು. ಸೂಪರ್‌ವೈಸರ್ ಗೇಟಿಗೇ ಬಂದು ಪತ್ರ ಓದಿ ನಕ್ಕ. "ಕಿವಿಗೆ ಕರೆಂಟು ಕೊಟ್ರೆ ಕಾಲು ನಿಲ್ತದಾ? ನಾಟಕ ಬುಡಮ್ಮ. ಈಗ ನಿಂತಿಲ್ವಾ ನೀನು?"

ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಸವಿತಾ ಕೈ ಚಾಚಿದಳು. "ನೀವೇ ಎಣಿಸಿ ಸಾರ್."

ಅವನು ಹಿಂದೆ ಸರಿದ. ಗೇಟು ಕಾಯುವ ಮುದುಕರೊಬ್ಬರು ಎದ್ದು ಬಂದು ಅವಳ ಮಣಿಕಟ್ಟು ಹಿಡಿದರು, ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದರು.

"ನೂರಿಪ್ಪತ್ತು ಸಾರ್. ಈವಮ್ಮ ಓಡ್ಬಂದಿಲ್ಲ, ಇಲ್ಲೇ ನಿಂತವ್ಳೆ."

ಸೂಪರ್‌ವೈಸರ್ ಭಿಕ್ಷೆ ಹಾಕುವವನ ಹಾಗೆ ಪತ್ರದ ಮೂಲೆಯಲ್ಲಿ "ಒಂದು ತಿಂಗಳು ಮಾತ್ರ" ಎಂದು ಗೀಚಿ ಸಹಿ ಹಾಕಿದ.

ಮದ್ದೂರಿನ ಬಸ್ಸು ಹೊರಟಾಗ ಸವಿತಾ ಕಿಟಕಿಯಿಂದ ಗೇಟಿನ ಕಡೆ ತಿರುಗಿ ನೋಡಿದಳು. "ತಿಂಗ್ಳು ಮುಗೀಲಿ, ಮತ್ತೆ ಬತ್ತೀನಿ ಅತ್ಗೆ" ಅಂದಳು. "ಆಗ ಅವ್ನೇ ಎಣಿಸ್ಬೇಕು."