ದೀಪ ಸಣ್ಣ ಮಾಡುವ ಕಷ್ಟ

ನನಗೆ ಬೆಳಕಿನ ಆಸೆ ಸ್ವಲ್ಪ ಜಾಸ್ತಿ. ತಟ್ಟೆಯಲ್ಲಿ ಸಾಸಿವೆ ಯಾವುದು, ಜೀರಿಗೆ ಯಾವುದು ಎಂದು ಕಾಣದಿದ್ದರೆ ತುತ್ತು ಇಳಿಯುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಮಕ್ಕಳ ಕೋಳಿಕಾಲು ಅಕ್ಷರಗಳನ್ನು ವರ್ಷಗಟ್ಟಲೆ ತಿದ್ದಿದ ಕಣ್ಣು ಇದು. ಅದಕ್ಕೆ ಬೇಕಾದ್ದನ್ನು ಕೊಡಲೇಬೇಕಲ್ಲ. ಹಾಗಾಗಿ ಕುಶಾಲನಗರದ ನನ್ನ ಮನೆಯ ನಡುಮನೆಯಲ್ಲಿ ತೂಗುವ ದೀಪಕ್ಕೆ ಮೂರು ಬೆಳ್ಳಗಿನ ಎಲ್‌ಇಡಿ ಬಲ್ಬು ಹಾಕಿಸಿದ್ದೆ. “ಟೀಚರ್ ಮನೇಲಿ ಲೈಟ್ ಹಾಕಿದ್ರೆ ನಮ್ಮ ಅಂಗಳಕ್ಕೆ ಬೇರೆ ಬೇಡ” ಎಂದು ಎದುರುಮನೆಯವರು ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಅಕ್ಕ ಬಂದ ಮೇಲೆ ನನ್ನ ತಿಳಿವಳಿಕೆ ಬದಲಾಯಿತು.

ಅಕ್ಕ ಮದುವೆಯಾಗಿ ಹೋದದ್ದು ಪಾಲಿಬೆಟ್ಟದ ಕಡೆಗೆ. ಭಾವ ಅಲ್ಲೊಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರು ತೀರಿಕೊಂಡ ಮೇಲೆ ಒಬ್ಬಳೇ ಏಕಿರಬೇಕು ಎಂದು ನಾನೇ ಹಟಹಿಡಿದು ಕರೆತಂದೆ. ಬಂದ ಮೊದಲ ಸಂಜೆಯೇ ದೀಪದ ಕೆಳಗೆ ಕುಳಿತವಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಳು. “ಆಪರೇಷನ್ ಟೇಬಲ್ ಮೇಲೆ ಮಲಗಿಸಿದ ಹಾಗೆ ಆಗ್ತದೆ ಕಣೇ” ಎಂದು ತಟ್ಟೆ ಹಿಡಿದು ತನ್ನ ಕೋಣೆಗೆ ಹೋದಳು. ಮಾರನೆಯ ದಿನವೂ ಹಾಗೆಯೇ. ಆಮೇಲೆ ಅದೇ ರೂಢಿಯಾಯಿತು. ನಾನು ಬೆಳಕಿನಲ್ಲಿ, ಅವಳು ಕತ್ತಲಲ್ಲಿ. ಮಾತೆಲ್ಲ ಗೋಡೆಯ ಮೂಲಕ. “ಸಾರಿಗೆ ಉಪ್ಪು ಸಾಕಾ?” ಎಂದು ನಾನು ಕೂಗುವುದು, “ಆಂ?” ಎಂದು ಅವಳು ಕೂಗುವುದು. ಜೊತೆಗಿರಲೆಂದು ಕರೆತಂದವಳನ್ನು ಪಕ್ಕದ ಮನೆಯವಳನ್ನಾಗಿ ಮಾಡಿಕೊಂಡಿದ್ದೆ. ಒಂದು ದಿನ ಅವಳು ಫೋನಿನಲ್ಲಿ ಪಾಲಿಬೆಟ್ಟದಲ್ಲಿರುವ ಭಾವನ ತಂಗಿಗೆ, “ಇಲ್ಲಿ ಎಲ್ಲ ಚೆನ್ನಾಗುಂಟು. ಒಂದು ನಾಲ್ಕು ದಿನ ಅಲ್ಲಿಗೆ ಬಂದು ಹೋಗುವ ಅಂತ” ಎನ್ನುವುದು ಕೇಳಿಸಿತು. ಆ ನಾಲ್ಕು ದಿನ ಬಹಳ ಉದ್ದವಾದೀತೆಂದು ನನಗೆ ದಿಗಿಲಾಯಿತು.

ಕೂಡಲೇ ಎಲೆಕ್ಟ್ರಿಷಿಯನ್ ರಫೀಕನನ್ನು ಕರೆಸಿದೆ. “ಬೆಳಕು ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ ಆಗುವಂಥದ್ದು ಏನಾದರೂ ಇದೆಯೇನಪ್ಪಾ?” ಎಂದು ಕೇಳಿದೆ. ಅವನು ಸ್ವಿಚ್‌ಬೋರ್ಡಿನ ಮುಂದೆ ನಿಂತು ನಕ್ಕ. “ಟೀಚರ್, ಅದು ಇಲ್ಲೇ ಉಂಟಲ್ಲ.”

ಫ್ಯಾನಿನ ರೆಗ್ಯುಲೇಟರ್ ಪಕ್ಕದಲ್ಲಿ ಅದೇ ಥರದ ಇನ್ನೊಂದು ತಿರುಪು ಇತ್ತು. ಮನೆ ಕಟ್ಟಿಸಿದ್ದ ಹಿಂದಿನ ಮಾಲೀಕರು ಎರಡನೇ ಫ್ಯಾನು ಹಾಕಿಸಲು ಮರೆತಿದ್ದಾರೆಂದು ನಾನು ಅಷ್ಟು ವರ್ಷವೂ ಮನಸ್ಸಿನಲ್ಲೇ ಅವರನ್ನು ಬೈದುಕೊಂಡಿದ್ದೆ. ಅದು ದೀಪದ ಡಿಮ್ಮರ್ ಅಂತೆ. ಅಕ್ಕನನ್ನು ಕರೆದು ಕೂರಿಸಿ, ಭಾರಿ ಸಂಭ್ರಮದಿಂದ ತಿರುಗಿಸಿದೆ. ಮೂರು ಬಲ್ಬುಗಳೂ ಪಟಪಟನೆ ಮಿನುಗತೊಡಗಿದವು, ಒಂದೊಂದು ಒಂದೊಂದು ತಾಳದಲ್ಲಿ.

“ಇದೇನು, ಮದುವೆಮನೆ ಚಪ್ಪರದ ಸೀರಿಯಲ್ ಸೆಟ್ಟಾ?” ಎಂದಳು ಅಕ್ಕ.

“ಬಲ್ಬ್ ಸರಿ ಇಲ್ಲ. ಡಿಮ್ ಆಗುವ ಬಲ್ಬೇ ಬೇರೆ ಬರ್ತದೆ. ಅದು ಹಾಕಿದ್ರೆ ಮುಗೀತು” ಎಂದ ರಫೀಕ್. ಇಲ್ಲಿನ ಅಂಗಡಿಯಲ್ಲಿ ಅದು ಸಿಗಲಿಲ್ಲ. ಮೈಸೂರಿಗೆ ಹೋದವನೊಬ್ಬನ ಕೈಯಲ್ಲಿ ತರಿಸಿ ಹಾಕಿದ.

ಮುಗಿಯಲಿಲ್ಲ. ಹೊಸ ಬಲ್ಬುಗಳು ಅರ್ಧದವರೆಗೆ ವಿಧೇಯವಾಗಿ ಇಳಿದವು. ಅಲ್ಲಿಂದ ಕೆಳಗೆ ಕಾಫಿ ತೋಟದ ಜೀರುಂಡೆಯ ಹಾಗೆ ಗುಂಯ್ ಎಂದು ಹಾಡಿ, ಇನ್ನೂ ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಪಕ್ಕನೆ ನಂದಿಹೋಗುತ್ತಿದ್ದವು.

ಇಲ್ಲಿ ಕನ್ನಡ ಟೀಚರ್ ಒಂದು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಅಮ್ಮ ಅರಕಲಗೂಡಿನ ಕಡೆಯವಳು. ದೀಪ ಆರಿಸು ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ, ಅದು ಅಶುಭ. “ದೀಪ ದೊಡ್ಡದು ಮಾಡು” ಎನ್ನುತ್ತಿದ್ದಳು. ಬತ್ತಿ ಇಳಿಸಬೇಕಾದರೆ ಮಾತ್ರ “ಸಣ್ಣದು ಮಾಡು.” ದೊಡ್ಡದು ಮಾಡಿದರೆ ಕತ್ತಲು, ಸಣ್ಣದು ಮಾಡಿದರೆ ಬೆಳಕು ಉಳಿಯುತ್ತದೆ; ಎಂಥ ಭಾಷೆ ನೋಡಿ ನಮ್ಮದು. ಈ ಬಲ್ಬುಗಳ ತೊಂದರೆಯೂ ಅದೇ. ಸಣ್ಣದು ಮಾಡಹೋದರೆ ಅಮ್ಮನ ಅರ್ಥದಲ್ಲಿ ದೊಡ್ಡದಾಗಿಬಿಡುತ್ತಿದ್ದವು. ಇದನ್ನು ರಫೀಕನಿಗೆ ವಿವರಿಸಿದೆ. ಅವನು ಗೌರವದಿಂದ ಪೂರ್ತಿ ಕೇಳಿಸಿಕೊಂಡು, “ಅದಕ್ಕೆ ಏನು ಮಾಡುವ ಟೀಚರ್?” ಎಂದ.

ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನು ಏಣಿಯ ಮೇಲೆ ಕುಳಿತು ಮೊಬೈಲಿನಲ್ಲಿ ವಿಡಿಯೋ ನೋಡಿದ. ನಾನು ಕೆಳಗೆ ಕುಳಿತು, ಬಲ್ಬಿನ ಡಬ್ಬಿಯ ಮೇಲಿನ ಇರುವೆ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಕೊನೆಗೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಆ ಹಳೆಯ ಡಿಮ್ಮರ್, ಕರೆಂಟನ್ನು ಗಬಗಬನೆ ತಿನ್ನುವ ಹಳದಿ ಬಲ್ಬುಗಳ ಕಾಲದ್ದು. ಹೊಸ ಬಲ್ಬುಗಳು ಮೂರೂ ಸೇರಿ ಅವುಗಳಲ್ಲಿ ಒಂದರ ಅರ್ಧ ತುತ್ತನ್ನೂ ತಿನ್ನುವುದಿಲ್ಲ. ಪಂಕ್ತಿಯಲ್ಲಿ ಯಾರೋ ಕುಳಿತಿದ್ದಾರೆಂಬುದೇ ಡಿಮ್ಮರಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಬಿಚ್ಚಿ, ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್ ತರಿಸಿ ಹಾಕಿದೆವು.

ಆ ಸಂಜೆ ತಿರುಪನ್ನು ಮೆಲ್ಲಗೆ ಇಳಿಸಿದೆ. ಸದ್ದಿಲ್ಲ, ಮಿನುಗಿಲ್ಲ. ನಡುಮನೆ ತುಂಬ ಕಾಫಿ ಡಿಕಾಕ್ಷನ್ ಹಾಗೆ ಬೆಳಕು ತಿಳಿಯಾಗಿ ಕುಳಿತಿತು. ಅಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು.

“ನಮ್ಮ ಕ್ವಾರ್ಟರ್ಸಲ್ಲಿ ಹೀಗೇ ಇತ್ತು. ಕಾಫಿ ಪಿಕ್ಕಿಂಗ್ ಟೈಮಲ್ಲಿ ಹಣ್ಣು ಸುಲಿಯುವ ಪಲ್ಪರ್ ಮಿಷನ್ ಓಡಿದ ಕೂಡಲೇ ವೋಲ್ಟೇಜ್ ಇಳಿದು ಬಲ್ಬಲ್ಲಿ ಒಂದು ಕೆಂಪು ದಾರ ಮಾತ್ರ” ಎಂದಳು.

“ಕಷ್ಟ ಆಗ್ತಿರಲಿಲ್ವಾ?”

“ನಿನ್ನ ಭಾವನಿಗೆ ಕಷ್ಟ. ಲೆಕ್ಕ ಬರಿಯೋಕೆ ಕಾಣ್ತಿರಲಿಲ್ಲ. ಬರಿಯೋದು ಬಿಟ್ಟು ಬಂದು ನನ್ನ ಪಕ್ಕ ಕೂತು ಮಾತಾಡ್ತಿದ್ರು. ಬೆಳಕು ಚೆನ್ನಾಗಿದ್ದ ದಿನ ಅವರು ತಲೆ ಎತ್ತಿದವರಲ್ಲ.”

ಭಾವ ಎಂದರೆ ಮಾತಿಲ್ಲದ ಮನುಷ್ಯ ಎಂದಷ್ಟೇ ನನಗೆ ಗೊತ್ತಿತ್ತು. ಅಕ್ಕ ಕತ್ತಲನ್ನು ಬಯಸುವವಳೆಂದು ನಾನು ಭಾವಿಸಿದ್ದೆ. ಅವಳು ಹಂಬಲಿಸುತ್ತಿದ್ದದ್ದು ಮಾತಿಗೆ. ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟೆ. ಭಾವ ಹೇಳುತ್ತಿದ್ದ ತಮಾಷೆಗಳನ್ನೆಲ್ಲ ಆ ಸಂಜೆ ಅವಳು ಹೇಳಿದಳು. ಅರ್ಧಕ್ಕರ್ಧ ಅಷ್ಟೇನೂ ತಮಾಷೆಯಾಗಿರಲಿಲ್ಲ. ಆದರೂ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಲಿಬೆಟ್ಟದ ನಾಲ್ಕು ದಿನದ ಮಾತು ಮತ್ತೆ ಬರಲಿಲ್ಲ.

ಈಗ ಬೇರೆಯೇ ಒಂದು ತಕರಾರು ಶುರುವಾಗಿದೆ. ನಾನು ಪುಸ್ತಕವನ್ನು ಮೂಗಿನ ಹತ್ತಿರ ತಂದದ್ದು ಕಂಡರೆ ಅಕ್ಕ ಎದ್ದು ಬೆಳಕು ಏರಿಸುತ್ತಾಳೆ. ಅವಳು ಕಣ್ಣು ಕಿರಿದು ಮಾಡಿದ್ದು ಕಂಡರೆ ನಾನು ಎದ್ದು ಇಳಿಸುತ್ತೇನೆ. ಒಂದು ಸಂಜೆಗೆ ಇಬ್ಬರಿಗೂ ಒಳ್ಳೆಯ ವಾಕಿಂಗ್ ಆಗುತ್ತದೆ. ಮೊನ್ನೆ ಮಿಕ್ಸಿಯ ಪ್ಲಗ್ಗು ಸರಿಮಾಡಲು ಬಂದ ರಫೀಕ್ ಡಿಮ್ಮರನ್ನು ಅಲ್ಲಾಡಿಸಿ ನೋಡಿ, “ಇಷ್ಟು ಬೇಗ ಲೂಸಾಗಿದೆಯಲ್ಲ” ಎಂದ. ವಿಷಯ ಹೇಳಿದೆ. ಅವನು ಜೇಬಿನಿಂದ ಮಾರ್ಕರ್ ಪೆನ್ನು ತೆಗೆದ.

“ಎಲ್ಲಿಗೆ ನಿಲ್ಲಿಸ್ಬೇಕು ಹೇಳಿ. ಒಂದು ಗುರುತು ಹಾಕಿ ಕೊಡ್ತೇನೆ.”

“ಮೇಲೆ ಹಾಕಪ್ಪಾ. ಇವಳಿಗೆ ಓದ್ಲಿಕ್ಕೆ ಬೇಕು” ಎಂದಳು ಅಕ್ಕ.

“ಬೇಡ, ಕೆಳಗೆ ಹಾಕು. ಅಕ್ಕನ ಕಣ್ಣಿಗೆ ಚುಚ್ಚುತ್ತೆ” ಎಂದೆ ನಾನು.

ರಫೀಕ್ ನಮ್ಮಿಬ್ಬರನ್ನೂ ನೋಡಿದ. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸೇರಿಸಿ, ಕಾಫಿ ಲೋಟ ಕೈಗೆತ್ತಿಕೊಂಡ. “ಗುರುತು ಬೇಡ ಬಿಡಿ ಟೀಚರ್. ಇದು ಹಾಳಾದ್ರೆ ಇನ್ನೊಂದು ಹಾಕುವ” ಎಂದ.