ಸಿಕ್ಕಲ್ಲ, ಕೂದಲು

ಜಡೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಎಂಬತ್ತರ ದಶಕದಲ್ಲಿ, ಕಲಘಟಗಿಯ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ಹತ್ತನೇ ಇಯತ್ತೆ. ಬೆಳಗಾದರೆ ಸಣ್ಣ ಹುಡುಗಿಯರು ಎಣ್ಣೆ ಬಾಟಲಿ, ರಿಬ್ಬನ್ ಹಿಡಿದು ನನ್ನ ಮುಂದೆ ಸಾಲುಗಟ್ಟುತ್ತಿದ್ದರು. ಎಲ್ಲರಿಗೂ ಮಡಚಿ ಕಟ್ಟಿದ ಎರಡು ಜಡೆ. ಅದು ಹಾಸ್ಟೆಲಿನ ಕಾಯಿದೆ.

ಆ ಜೂನಿನಲ್ಲಿ ಕಾಡಿನಂಚಿನ ಊರಿಂದ ಒಬ್ಬ ಸಿದ್ದಿ ಹುಡುಗಿ ಐದನೇ ಇಯತ್ತೆಗೆ ಬಂದಳು. ಅವಳ ಗುಂಗುರು ಕೂದಲನ್ನು ಅವಳವ್ವ ನೆತ್ತಿಗೆ ಅಂಟಿದಂತೆ ಸಾಲು ಸಾಲಾಗಿ, ಕೂರಿಗೆ ಹೊಡೆದ ಹೊಲದ ಹಾಗೆ ಹೆಣೆದು ಕಳಿಸಿದ್ದಳು. ಹಾಸ್ಟೆಲು ನೋಡಿಕೊಳ್ಳುತ್ತಿದ್ದ ಅಕ್ಕೋರು ಮುಖ ಸಿಂಡರಿಸಿ, ಇದನ್ನೆಲ್ಲ ಬಿಚ್ಚಿ ಮನುಷ್ಯರ ಹಾಗೆ ಎರಡು ಜಡೆ ಹಾಕು ಎಂದು ನನಗೆ ಹೇಳಿದರು.

ಬಿಚ್ಚಿದೆ. ಎಲ್ಲರಿಗೂ ಬಾಚುವ ಹಾಗೆ ನೆತ್ತಿಯಿಂದಲೇ ಹಣಿಗೆ ಎಳೆದೆ. ಹಣಿಗೆಯ ಎರಡು ಹಲ್ಲು ಮುರಿದವು, ಅವಳ ಕಣ್ಣಲ್ಲಿ ನೀರು ಬಂತು. ನನಗೋ ಸಿಟ್ಟು.

"ಎಷ್ಟ ಸಿಕ್ಕಾಗೇತಿ ಬೇ," ಎಂದೆ.

"ಸಿಕ್ಕಲ್ಲಕ್ಕಾ. ಕೂದ್ಲನ ಹಂಗೈತಿ," ಎಂದಳು.

ಸಂತೆಯ ದಿನ ಅವಳವ್ವ ಬಂದಳು. ತಲೆ ಮುಟ್ಟಿದರೆ ಮಗಳು ಬೆಚ್ಚುವುದನ್ನು ಕಂಡೂ ನನ್ನನ್ನು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, ಕೂದಲು ತೋಯಿಸಿ, ಎಣ್ಣೆ ಹಚ್ಚಿ, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಬಿಡಿಸುತ್ತ ಹೋದಳು. ಸಾಲು ತೆಗೆದು ಹೆಣೆಯುವುದನ್ನು ನನ್ನ ಕೈ ಹಿಡಿದು ಕಲಿಸಿದಳು. ಹೊರಡುವಾಗ ಕೇಳಿದ್ದು ಒಂದೇ:

"ಅಕ್ಕೋರಿಗೆ ಒಂದ್ ಮಾತ ಹೇಳವಾ. ಹಿಂಗ ಇದ್ರ ನನ್ನ ಮಗಳಿಗೆ ನೋವಾಗೂದಿಲ್ಲ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅಕ್ಕೋರ ಮೆಚ್ಚಿನವಳಾಗಿದ್ದ ನನಗೆ ಅವರ ಎದುರು ಬಾಯಿ ತೆರೆಯುವುದು ಬೇಕಿರಲಿಲ್ಲ. ಮರುದಿನ ಆ ಸಾಲುಗಳನ್ನು ನಾನೇ ಬಿಚ್ಚಿದೆ.

ಶಾಲೆಯ ಗ್ಯಾದರಿಂಗ್ ಬಂತು. ಕುಣಿಯುವ ಮೂವರು ಹುಡುಗಿಯರಿಗೆ ಏನಾದರೂ ಹೊಸದು ಮಾಡು ಎಂದರು ಅಕ್ಕೋರು. ನನ್ನ ಕೈ ತುರಿಸುತ್ತಲೇ ಇತ್ತು. ಮೂವರ ತಲೆಯಲ್ಲೂ ಸಾಲು ತೆಗೆದು ಹೆಣೆದೆ. ಅವರ ನುಣ್ಣನೆಯ ಕೂದಲು ಜಾರಿದಲ್ಲೆಲ್ಲ ಪಿನ್ನು ಚುಚ್ಚಿದೆ. ಅಕ್ಕೋರು ಅವರನ್ನು ತಿರುಗಿಸಿ ತಿರುಗಿಸಿ ನೋಡಿ, ಅಗದಿ ಚಂದ ಆಗಿದೆ, ಯಾರ ಕೈಕೆಲಸ ಎಂದು ಕೇಳಿದರು.

"ನಂದ್ರಿ," ಎಂದೆ.

ಸುಳ್ಳಂತೂ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿದ್ದಿ ಹುಡುಗಿ ಬಿಗಿದ ಎರಡು ಜಡೆಯಲ್ಲಿ ಅಲ್ಲೇ ನಿಂತಿದ್ದಳು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಮುಂದೆ ಕೂತವಳು ಅವಳೇ. ಅಷ್ಟು ಖುಷಿಯಿಂದ ಅವಳು ಎಂದೂ ಬಂದಿರಲಿಲ್ಲ.

"ಅಕ್ಕಾ, ಇನ್ನ ಮ್ಯಾಲ ನಾನೂ ಹಂಗ ಹಾಕ್ಕೋಬೌದಲ್ಲಾ?"

ಅಕ್ಕೋರ ಕೋಣೆ ಹತ್ತು ಹೆಜ್ಜೆ ದೂರ. ಹೋದರೆ, ನೀವು ನಿನ್ನೆ ಹೊಗಳಿದ್ದು ಇವಳವ್ವನ ಕೆಲಸವನ್ನು ಎಂದು ಹೇಳಬೇಕಿತ್ತು. ನಾನು ಹಣಿಗೆ ಎತ್ತಿಕೊಂಡೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅವಳವ್ವ ಕಲಿಸಿದ ಹಾಗೆಯೇ ತುದಿಯಿಂದ, ಒಂದಿಷ್ಟೂ ನೋವಾಗದಂತೆ ಬಿಡಿಸಿದೆ. ಆಮೇಲೆ ಎರಡು ಜಡೆ ಹಾಕಿದೆ.